ಕಿವಿಯಲ್ಲಿ ‘ಹೂಂ’ ಬರುವವರೆಗೆ

ಮಾರ್ಚ್ ೪, ಬೆಳಿಗ್ಗೆ
ಹಾಲು ಕುಡಿಸಿದೆ. ತೇಗು ಬರಿಸಿದೆ. ಬಟ್ಟೆ ಬದಲಿಸಿದೆ. ಮತ್ತೆ ಹಾಲು. ನಿದ್ದೆಯಿಲ್ಲದೆ ಕಣ್ಣು ಉರಿ. ಪಾಪು ಅತ್ತೆಯನ್ನು ಕಂಡರೆ ನಗುತ್ತಾನೆ. ಇವರನ್ನು ಕಂಡರೂ. ಫ್ಯಾನಿಗೂ ನಗುತ್ತಾನೆ. ನನ್ನನ್ನು ಮಾತ್ರ ದಿಟ್ಟಿಸಿ ನೋಡಿ, ಆಮೇಲೆ ಮುಖ ಆಚೆ.

“ಸ್ವಲ್ಪ ನಗಬಾರ್ದೇನೇ? ಅವನೇನು ನಿನ್ನ ಕ್ವಿಜ್‌ಗೆ ಬಂದಿದಾನಾ?” ಅಂದರು ಅತ್ತೆ.

ನಗಲು ಹೋದೆ. ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

ಮಾರ್ಚ್ ೫
ರೇಡಿಯೊದಲ್ಲಿದ್ದಾಗ ನಗುತ್ತಿದ್ದೆ. ಬೆಳಗಿನ ಕಾರ್ಯಕ್ರಮ — ತಲೆ ಬಾಚದೆ ಹೋದರೂ ನಡೆಯುತ್ತಿತ್ತು. ಫೋನ್ ಮಾಡಿದವರ ಹಳಸಲು ಜೋಕಿಗೂ ಹೊಟ್ಟೆ ಹಿಡಿದು ನಗು. ಟೀವಿ ಕ್ವಿಜ್ ನಡೆಸಲು ಬಂದ ಮೊದಲ ವಾರವೇ ಪ್ರೊಡ್ಯೂಸರ್ ನನ್ನ ವಿಡಿಯೊ ಹಾಕಿ ತೋರಿಸಿದರು. ಸ್ಪರ್ಧಿ ಸರಿಯುತ್ತರದ ಹತ್ತಿರ ಬಂದರೆ ನನ್ನ ಹುಬ್ಬು ಏರುತ್ತಿತ್ತು.

“ನಿಮ್ ಮುಖ ನೋಡ್ಕೊಂಡೇ ಗೆಲ್ತಿದಾರೆ ಮೇಡಂ. ನಾನು ಕಿವೀಲಿ ‘ಹೂಂ’ ಅನ್ನೋವರ್ಗೂ ಒಂದು ಗೆರೇನೂ ಅಲ್ಲಾಡ್ಬಾರ್ದು.”

ಇಯರ್‌ಪೀಸಿನಲ್ಲಿ ಅವರ ಹೂಂ ಬಂದ ಮೇಲೆಯೇ ನಗು. ಕನ್ನಡಿ ಮುಂದೆ ಕೂತು ಕಲಿತೆ. ಮೇಕಪ್‌ನವಳು ನನ್ನೆದುರಿಗೇ ‘ಕಲ್ಲಮ್ಮ’ ಅನ್ನುತ್ತಿದ್ದಳು. ಹೆಮ್ಮೆಯಾಗುತ್ತಿತ್ತು.

ಮಾರ್ಚ್ ೧೧
ಲಸಿಕೆ ಹಾಕಿಸಿ ಬಂದೆವು. ನರ್ಸ್ ಕೇಳಿದಳು, “ಅಮ್ಮನ್ ನೋಡಿ ನಗ್ತಾನಾ?”

“ನಗ್ತಾನೆ” ಅಂದೆ. ಸುಳ್ಳು, ಸಲೀಸಾಗಿ ಬಂತು. ಇವರು ನನ್ನ ಕಡೆ ತಿರುಗಿ ನೋಡಿದರು.

ಕಾರಿನಲ್ಲಿ ಇವರು — “ನೀನೂ ಒಂದ್ಸಲ ಡಾಕ್ಟರ್‌ಗೆ ತೋರ್ಸ್ಕೊತೀಯಾ?”

“ನಂಗೇನಾಗಿದೆ?”

“ಏನಿಲ್ಲ. ನಿದ್ದೆಗೆ ಅಂತ…”

ಮಾರ್ಚ್ ೨೦, ಸಂಜೆ
ಸ್ಟುಡಿಯೊಗೆ ಹೋಗಿದ್ದೆ. ಹೆರಿಗೆ ರಜೆಗೆಂದು ನನ್ನ ಜಾಗದಲ್ಲಿ ಕೂರಿಸಿರುವ ಹುಡುಗಿ ಚೆನ್ನಾಗಿ ಮಾಡುತ್ತಿದ್ದಾಳಂತೆ. ಒಂದು ಎಪಿಸೋಡ್ ಮಾಡಿ ತೋರಿಸಿ, ಆಮೇಲೆ ಯಾರು ಅಂತ ಚಾನೆಲ್‌ನವರು ಹೇಳ್ತಾರೆ ಅಂದಿದ್ದರು ಪ್ರೊಡ್ಯೂಸರ್.

ಬಸ್ ಡ್ರೈವರ್ ಒಬ್ಬರು ಕೊನೆಯ ಪ್ರಶ್ನೆಗೆ ಬಂದು ನನ್ನ ಮುಖದಲ್ಲಿ ಹುಡುಕಿದರು, ಬಿದ್ದ ಚಿಲ್ಲರೆ ಹುಡುಕುವ ಹಾಗೆ. ಏನೂ ಸಿಗಲಿಲ್ಲ. ಎದೆಹಾಲು ಒಸರಿ ಅಂಗಿ ಒದ್ದೆಯಾಗುತ್ತಿತ್ತು. ಆಗಲೂ ಒಂದು ಗೆರೆ ಅಲ್ಲಾಡಲಿಲ್ಲ.

“ಮುಂಚಿಗಿಂತ ಗಟ್ಟಿಯಾಗಿದೀರ ಮೇಡಂ. ಆ ಹುಡ್ಗಿಗೆ ಹತ್ತು ವರ್ಷ ಆದ್ರೂ ಬರಲ್ಲ ಇದು” ಅಂದರು ಪ್ರೊಡ್ಯೂಸರ್. ಸೀಟು ನನ್ನದೇ. ಖುಷಿಯಾಗಬೇಕಿತ್ತು.

ಮಾರ್ಚ್ ೨೧
ಪಾಪು ನಕ್ಕ. ನನ್ನನ್ನು ನೋಡಿ. ಹಲ್ಲಿಲ್ಲದ ಬಾಯಿ ಅಗಲಿಸಿ, ಅನುಮಾನವೇ ಇಲ್ಲ.

ನಾನು ಕಾದೆ. ಕಿವಿಯಲ್ಲಿ ಹೂಂ ಬರಲಿ ಅಂತ.

ವಾಷಿಂಗ್ ಮೆಷಿನ್ ತಿರುಗುತ್ತಿತ್ತು. ಬೇರೆ ಸದ್ದಿಲ್ಲ. ಅವನ ನಗು ಹಾಗೇ ನಿಂತು, ತುಟಿ ಒಂದು ಕಡೆಗೆ ಇಳಿಯಿತು. ಮುಖ ಆಚೆ.

ಅತ್ತೆಗೆ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಸೊಸೆಯ ತಲೆ ಕೆಟ್ಟಿತು ಅಂತಲೂ ಅನ್ನಲಿಲ್ಲ. ಕೈ ಒರೆಸಿಕೊಂಡು ಬಂದು, “ಅಷ್ಟೇ ತಾನೆ? ನಿನ್ ಹಿಂದೆ ನಿಂತು ನಾನೇ ಹೂಂ ಅಂತೀನಿ ಬಿಡು” ಅಂದರು.

ಇವರಿಗೆ ಫೋನ್ ಮಾಡಿದೆ. ಡಾಕ್ಟರ್ ಹತ್ತಿರ ಹೋಗೋಣ ಅಂತ.

ಮಾರ್ಚ್ ೨೩, ಮಧ್ಯಾಹ್ನ
ನಿನ್ನೆಯಿಡೀ ಅತ್ತೆ ನನ್ನ ಬೆನ್ನ ಹಿಂದೆ. ಇಬ್ಬರೂ ತಯಾರು, ಪಾಪು ನಗಲೇ ಇಲ್ಲ.

ಈಗ ತೊಡೆಯ ಮೇಲೆ ಮಲಗಿದ್ದಾನೆ, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಎದ್ದ. ನೋಡುತ್ತಿದ್ದಾನೆ. ಬಾಯಿ ಅಗಲವಾಗುತ್ತಿದೆ… ಅತ್ತೆ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟಿದ್ದಾರೆ, ಕರೆದರೂ ಕೇಳಿಸದು. ಹೂಂ ಅನ್ನುವವರು ಯಾರೂ ಇಲ್ಲ. ಇರಲಿ, ಈ ಪೆನ್ನು ಕೆಳಗಿಟ್ಟು