ಅಪ್ಪನ ನಕ್ಷೆಯಲ್ಲಿಲ್ಲದ ಸುರಂಗ

ಅಪ್ಪಾ,

ನೀವು ಹೋಗಿ ಆರು ವರ್ಷವಾಯಿತು. ಓದಲಾರಿರಿ ಎಂಬ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ನೀವು ಸರ್ವೇಯರ್ ಆಗಿದ್ದ ತಾಮ್ರದ ಗಣಿಯನ್ನು ಮತ್ತೆ ತೆರೆಯುತ್ತಿದ್ದಾರೆ. ಕೊರೆದು ತೆಗೆದ ಕಲ್ಲನ್ನು ಪೆಟ್ಟಿಗೆಯಲ್ಲಿ ಜೋಡಿಸಿ ವಿವರ ಬರೆಯುವ ಕೆಲಸ ನನ್ನದು. ಎಲ್ಲಿ ಕೊರೆಯಬೇಕೆಂದು ಹೇಳುವುದು ಈಗಲೂ ನಿಮ್ಮ ನಕ್ಷೆಯೇ.

ಇವತ್ತು ಬೆಳಿಗ್ಗೆ, ನೀವು ಗಟ್ಟಿ ಬಂಡೆ ಎಂದು ತೋರಿಸಿದ ಕಡೆ, ಕೊರೆಯುವ ಕೊಳವೆ ತಟ್ಟನೆ ಎರಡು ಮೀಟರ್ ಕೆಳಗೆ ಜಾರಿತು. ಮೇಲೆತ್ತಿದಾಗ ಅದರಲ್ಲಿ ಸಿಕ್ಕಿದ್ದು ಕೊಳೆತ ಮರದ ಚೂರು.

"ಮೇಡಂ, ಕೆಳಗೆ ಟೊಳ್ಳಿದೆ," ಅಂದ ಡ್ರಿಲ್ಲರ್. "ಅಪ್ಪನೋರ ನಕ್ಷೇಲಿ ಇದಿಲ್ವಲ್ಲ."

"ಬಂಡೆ ಬಿರುಕು ಬಿಟ್ಟಿರ್ಬೇಕು," ಅಂದೆ.

ಬಿರುಕಿಗೆ ಯಾರೂ ಮರದ ಆಸರೆ ಕೊಡುವುದಿಲ್ಲವೆಂದು ಅವನಿಗೂ ಗೊತ್ತು. ಅದು ಗಣಿಗೆ ಕೊಟ್ಟ ಎಲ್ಲೆ ಮೀರಿ ಕದ್ದು ತೋಡಿದ ಸುರಂಗ; ಅದನ್ನು ಬಂಡೆ ಎಂದು ತೋರಿಸಿ ಸಹಿ ಹಾಕಿದವರು ನೀವು. ಮನೆಯಲ್ಲಿ ಗಣಿಯ ಮಾತೆತ್ತಿದರೆ ನೀವು ಊಟದ ನಡುವೆಯೇ ಎದ್ದುಬಿಡುತ್ತಿದ್ದಿರಿ. "ಅದೊಂದು ಕೇಳ್ಬೇಡ ಮಗಳೇ," ಅನ್ನುತ್ತಿದ್ದಳು ಅಮ್ಮ. ನಾನು ಕೇಳಲೇ ಇಲ್ಲ.

ಪೆಟ್ಟಿಗೆಯಲ್ಲಿ ಕಲ್ಲಿಲ್ಲದ ಜಾಗಕ್ಕೆ ಮರದ ತುಂಡಿಟ್ಟು, ಅದರ ಮೇಲೆ ಕಾರಣ ಬರೆಯಬೇಕು. 'ಸುರಂಗ' ಎಂದು ಬರೆದರೆ ನಿಮ್ಮ ಸಹಿ ಸುಳ್ಳಾಗುತ್ತದೆ. ಬರೆಯದಿದ್ದರೆ, ಸೋಮವಾರ ಹನ್ನೊಂದು ಜನ ಆ ಬಂಡೆಯನ್ನೇ ನಂಬಿ ಕೆಳಗಿಳಿಯುತ್ತಾರೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳಂತೆ ಮಧ್ಯಾಹ್ನದವರೆಗೂ ಕೂತಿದ್ದೆ.

ಕೊನೆಗೆ 'ಬಿರುಕು' ಎಂದು ಬರೆದು ಕೊಟ್ಟೆ.

ಡ್ರಿಲ್ಲರ್ ಆ ತುಂಡನ್ನು ನಿಮ್ಮ ನಕ್ಷೆಯ ಪಕ್ಕ ಹಿಡಿದು ನೋಡಿದ.

"ಅಕ್ಷರ ಥೇಟ್ ಅಪ್ಪನೋರದ್ದೇ," ಅಂದ.