ನನ್ನ ಹೆಸರಿಗೆ ಬರುವ ಪಗಾರ

ಕೆಳಗಿನ ತಾಂಡೆ, ಮುಂಡಗೋಡ ತಾಲೂಕು
ತಾ. ೨೧-೧೦-೨೦೦೪

ನನ್ನ ಯಾಡಿಗೆ,

ನಿನ್ನ ಮಗಳು ಸರಿತಾ ದೂರದಿಂದಲೇ ಕಾಲು ಮುಟ್ಟಿ ಬರೆಯುತ್ತಿದ್ದೇನೆ. ನಾವೆಲ್ಲ ಉಂಡು ತಿಂದು ಇದ್ದೇವೆ. ನಿನ್ನ ಮೊಣಕಾಲಿನ ನೋವು ಹೇಗಿದೆ? ಸುಮನ ಈ ಕಾಗದ ಓದಿ ಹೇಳುವಾಗ ನೀನು ನಡುನಡುವೆ ನನ್ನನ್ನು ಬಯ್ಯುತ್ತೀ ಎಂದು ಗೊತ್ತಿದೆ. ಬಯ್ಯಿ, ಆದರೆ ಕೊನೆತನಕ ಕೇಳು. ಓದುವ ಸೊಸೆ ಸಿಕ್ಕಿದ್ದಾಳೆ, ಅವಳ ಗಂಟಲು ಒಣಗುವ ಮೊದಲು ಒಂದು ಕಪ್ ಚಹಾ ಮಾಡಿಕೊಡು.

ತವರಿನಿಂದ ದೇವರಾಜಣ್ಣ ಹೋದ ವಾರ ಬಂದು ನಿನ್ನ ಮಾತು ಮುಟ್ಟಿಸಿದ. ದೀಪಾವಳಿ ಮುಗಿಯುತ್ತಲೇ ನೀನು ಸಾಂಬ್ರಾಣಿ ಊರಿನಿಂದ ಹೊಸ ಓಢಣಿ ತರುತ್ತೀಯಂತೆ. ನಮ್ಮ ತಾಂಡೆಯ ನಾಯಕ ಹಿರಿಯರನ್ನು ಕೂಡಿಸುತ್ತಾನಂತೆ. ಮೈದುನ ಕುಬೇರ ಆ ಓಢಣಿಯನ್ನು ನನ್ನ ತಲೆಯ ಮೇಲೆ ಹೊದಿಸಿದರೆ ಮುಗಿಯಿತಂತೆ, ನಾನು ಮತ್ತೆ ಮುತ್ತೈದೆ. ಅಣ್ಣ ಸತ್ತರೆ ಅತ್ತಿಗೆಗೆ ತಮ್ಮ ಹೊದಿಸುವುದು ನಮ್ಮಲ್ಲಿ ಅಜ್ಜ ಮುತ್ತಜ್ಜರಿಂದ ನಡೆದು ಬಂದದ್ದು, ನಾನು ಇಲ್ಲ ಎನ್ನುವುದಿಲ್ಲ. ನಿನ್ನ ಅಕ್ಕನಿಗೂ ಹಾಗೇ ಆಯಿತು. ಅವಳನ್ನು ಯಾರೂ ಕೇಳಲಿಲ್ಲ. ಕೇಳಬೇಕು ಎಂದು ಅವಳಿಗೇ ಹೊಳೆದಿರಲಿಲ್ಲ.

ಯಾಡಿ, ನೀನು ಬಾ. ಓಢಣಿ ಮಾತ್ರ ತರಬೇಡ.

ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ನಿನಗೆ ಇದು ಸೊಕ್ಕಿನ ಮಾತಾಗಿ ಕೇಳಿಸುತ್ತದೆ. ನಿನ್ನ ಅಳಿಯ ಗೇಮಪ್ಪ ಗೋವೆಯ ಕಟ್ಟಡದ ಕೆಲಸಕ್ಕೆ ಹೋಗಿ, ಜ್ವರ ಬಂದು, ಅಲ್ಲಿಯೇ ತೀರಿಕೊಂಡ. ಆಮೇಲಿನ ಆ ವರುಷ ನಾನು ಈ ಮನೆಯಲ್ಲಿ ಹೇಗಿದ್ದೆ ಎಂದು ನಿನಗೆ ಎಂದೂ ಹೇಳಿಲ್ಲ. ಅತ್ತೆ ಲಾಲಿಬಾಯಿ ಕೆಟ್ಟವಳಲ್ಲ, ಬಡಿಯಲಿಲ್ಲ. ಆದರೆ ನನ್ನ ಕೂಲಿ ನೇರ ಅವಳ ಸೆರಗಿಗೆ ಹೋಗುತ್ತಿತ್ತು. ತಲೆಗೆ ಎಣ್ಣೆ ಬೇಕಾದರೂ ಅವಳನ್ನೇ ಕೇಳಬೇಕು. ನಾನು ಕೇಳುತ್ತಿರಲಿಲ್ಲ, ಒಣ ತಲೆಯಲ್ಲೇ ಇರುತ್ತಿದ್ದೆ. ಅಂಗಡಿಗೆ ಹೋದರೆ ಅಂಗಡಿಯವ ಮೊದಲು ಕೇಳುತ್ತಿದ್ದುದು, "ಯಾರ ಕಳಿಸ್ಯಾರ?" ಎಂದು.

ಆಮೇಲೆ ಸರಕಾರದ ವಿಧವಾ ವೇತನ ಬಂತು. ತಾಂಡೆಯವರ ಬಾಯಲ್ಲಿ ಅದು ಪಗಾರ. ಅಂಚೆಯ ನಾಗಲಿಂಗಪ್ಪನವರು ಸೈಕಲ್ಲಿನಿಂದ ಇಳಿದು, ಇಡೀ ತಾಂಡೆಗೆ ಕೇಳುವ ಹಾಗೆ, "ಸರಿತಾಬಾಯಿ ಅಂದ್ರ ಯಾರರೀ?" ಎಂದು ಕೂಗಿದರು. ನಾನು ಒಲೆಯ ಮುಂದೆ ಇದ್ದೆ. ನನ್ನ ಹೆಸರಿಗೆ 'ಬಾಯಿ' ಹಚ್ಚಿ ಯಾರೂ ಕರೆದಿರಲಿಲ್ಲ, ಬೇರೆ ಯಾರೋ ಇರಬೇಕು ಎಂದುಕೊಂಡು ರೊಟ್ಟಿ ಬಡಿಯುತ್ತಲೇ ಕುಳಿತೆ. ಅತ್ತೆ ಹೊರಗೆ ಹೋಗಿ ಹೆಬ್ಬೆಟ್ಟು ಮುಂದೆ ಚಾಚಿದಳು.

"ನಿಂದಲ್ಲವಾ ಯವ್ವಾ, ಆಕೀದು ಬೇಕು," ಎಂದರು ಅವರು.

"ಆಕಿ ನನ್ನ ಸೊಸಿ. ಆಕೀದೂ ನಂದೂ ಒಂದ."

"ಅದು ನಿಮ್ಮ ಮನ್ಯಾಗ. ನನ್ನ ಚೀಲದಾಗ ಬ್ಯಾರೆ."

ನಾನು ಹಿಟ್ಟಿನ ಕೈಯಲ್ಲೇ ಹೋಗಿ ಸಹಿ ಮಾಡಿದೆ. ನೀನು ಜಗಳವಾಡಿ ನನ್ನನ್ನು ಏಳನೆಯ ತನಕ ಶಾಲೆಗೆ ಕಳಿಸಿದ್ದು ಅವತ್ತು ಕೆಲಸಕ್ಕೆ ಬಂತು. ದುಡ್ಡು ದೊಡ್ಡದೇನಲ್ಲ, ಯಾಡಿ. ಸಂತೆಗೆ ಒಯ್ದರೆ ಚೀಲದ ಬುಡ ಮುಚ್ಚುತ್ತದೆ, ಅಷ್ಟೇ. ಆದರೆ ಅದರ ಮರುದಿನ ಅಂಗಡಿಯವ ನನ್ನನ್ನು ನೋಡಿ "ಏನ ಕೊಡ್ಲಿ?" ಎಂದ. ಯಾರು ಕಳಿಸಿದರು ಎಂದು ಕೇಳಲಿಲ್ಲ. ನಾನು ಎಣ್ಣೆ ತಗೊಂಡೆ. ಮಗಳಿಗೆ ಬಿಸ್ಕೀಟು, ಅತ್ತೆಗೆ ಎಲೆ ಅಡಿಕೆ ತಗೊಂಡೆ. ಅತ್ತೆ ಎಲೆ ಮಡಚಿ ಬಾಯಿಗಿಟ್ಟುಕೊಂಡಳು. ಅವತ್ತು ರಾತ್ರಿ ಊಟಕ್ಕೆ ನನ್ನನ್ನೂ ಜೊತೆಗೇ ಕೂರಿಸಿಕೊಂಡಳು.

ಈಗ ಅಂಚೆಯವರು ಬರುವ ಹೊತ್ತಿಗೆ ಅವಳೇ ಅಂಗಳ ಗುಡಿಸುತ್ತಾಳೆ. ನೀರಿನ ನಳದ ಹತ್ತಿರ ಹೆಂಗಸರಿಗೆ ಹೇಳಿ ನಗಿಸುತ್ತಾಳೆ: "ನನ್ನ ಸೊಸಿಗೆ ಸರಕಾರನ ಗಂಡ ಆಗೈತಿ. ಕುಡಿಯೂದಿಲ್ಲ, ಬಡಿಯೂದಿಲ್ಲ, ತಿಂಗಳಿಗೊಮ್ಮೆ ಬಂದು ಕೈಯಾಗ ಕೊಟ್ಟು ಹೋಗತಾನ. ಇಂಥಾವ ನಮಗ ಯಾಕ ಸಿಗಲಿಲ್ಲವಾ!"

ಹೋಳಿ ಆದಮೇಲೆ ನಾಯಕ ಮೊದಲ ಸಲ ಹೊದಿಕೆಯ ಮಾತು ತೆಗೆದ. ಹಿರಿಯರೆಲ್ಲ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು, ಹೊದಿಸಿದರೆ ನಾನು ವಿಧವೆ ಅಲ್ಲ, ವಿಧವೆ ಅಲ್ಲದಿದ್ದರೆ ಪಗಾರ ಇಲ್ಲ ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ನಾಯಕ ಅತ್ತೆಯ ಮುಖ ನೋಡಿದ. ಅತ್ತೆ ನೆಲ ನೋಡಿದಳು. ಕಡೆಗೆ ಅವಳೇ, "ತಡೀರಿ, ಅವಸರ ಏನೈತಿ," ಎಂದಳು. ಅಷ್ಟಕ್ಕೆ ಕಟ್ಟೆ ಖಾಲಿಯಾಯಿತು. ನಿನ್ನ ಅಕ್ಕನಿಗೆ ಇಂಥ ಒಂದು ಮಾತು ಕೈಯಲ್ಲಿದ್ದರೆ ಅವಳು ಏನು ಮಾಡುತ್ತಿದ್ದಳೋ.

ಕುಬೇರನಲ್ಲಿ ಕೊರತೆ ಏನು ಎಂದು ನೀನು ಕೇಳಿ ಕಳಿಸಿದ್ದೀ. ಏನೂ ಇಲ್ಲ. ದುಡಿಯುತ್ತಾನೆ, ಕುಡಿಯುವುದಿಲ್ಲ. ನಾನು ಮದುವೆಯಾಗಿ ಬಂದಾಗ ಅವನಿಗೆ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಅವನ ತಲೆಯ ಹೇನು ತೆಗೆದವಳು ನಾನು, ಸಿಂಬಳ ಒರೆಸಿದವಳು ನಾನು. ಇವತ್ತಿಗೂ ಅವನು ಬೆವರಿ ಬಂದರೆ ನನ್ನ ಕೈ ಸೆರಗಿಗೆ ಹೋಗುತ್ತದೆ, ಮುಖ ಒರೆಸಲು. ಆ ಮುಖವನ್ನು ಬೇರೆ ಹೇಗೆ ನೋಡಲಿ? ಅವನೂ ನನ್ನ ಕಡೆ ಹಾಗೆ ನೋಡಿದವನಲ್ಲ. ಕಾತೂರಿನ ಕಡೆಯ ಒಂದು ತಾಂಡೆಯ ಹುಡುಗಿಯ ಮೇಲೆ ಅವನ ಮನಸ್ಸು ಇದೆ. ಬಾಯಿ ಬಿಟ್ಟು ಹೇಳುವ ಧೈರ್ಯ ಇಲ್ಲ. ಒಮ್ಮೆ ಮಾತ್ರ ಎಮ್ಮೆಗೆ ಹುಲ್ಲು ಹಾಕುತ್ತ, ನನ್ನ ಕಡೆ ನೋಡದೆ, "ವೈನಿ, ನಿನ್ನ ಪಗಾರ ನನ್ನೂ ಬದುಕಿಸೇತಿ," ಎಂದ.

ಅದಕ್ಕೆ ಹೇಳುತ್ತೇನೆ, ಯಾಡಿ. ಪಗಾರ ಬರುತ್ತಿದೆ. ಬರುವವರೆಗೆ ನನ್ನನ್ನು ಯಾರೂ ಏನೂ ಮಾಡಲಾರರು. ಮಗಳನ್ನು ಶಾಲೆಗೆ ಹಾಕಿದ್ದೇನೆ. ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳ ಮುರಿಯುವ ಸುಗ್ಗಿ, ರವಿವಾರವೂ ಬಿಡದೆ ಹೋಗುತ್ತಿದ್ದೇನೆ. ಅದರ ಎಲೆ ಗರಗಸದ ಹಾಗೆ, ಮೊಣಕೈ ತನಕ ಗೀರಿದೆ, ರಾತ್ರಿ ಉರಿಯುತ್ತದೆ. ದಣಿದಿದ್ದೇನೆ ನಿಜ. ಹಾಸಿಗೆಗೆ ಬಿದ್ದರೆ ಮಗಳು ಹೇಳುವ ಕತೆಗೆ ಹೂಂ ಎನ್ನಲೂ ಆಗುವುದಿಲ್ಲ. ಆದರೂ ಈ ದಣಿವು ನನ್ನದು. ಇದನ್ನು ನೀನು ನಿನ್ನ ಕಣ್ಣಿನಿಂದ ನೋಡಿದರೆ ಓಢಣಿಯ ಮಾತು ಎತ್ತಲಿಕ್ಕಿಲ್ಲ.

ನೀನು ಬಂದರೆ ಎಂಟು ದಿನ ಇರುವಂತೆ ಬಾ. ಅತ್ತೆಯೂ ನೀನೂ ಕೂಡಿ ನನ್ನನ್ನು ಬಯ್ಯಬಹುದು. ನಾನು ಕೂಲಿಯಿಂದ ಬರುವುದರೊಳಗೆ ಮುಗಿಸಿಕೊಳ್ಳಿ.

ಹೊಲದಿಂದ ಬಂದು, ಕಾಲು ಚಾಚಿ ಕುಳಿತು ಬರೆದ,
ನಿನ್ನ ಮಾತು ಕೇಳದ ಮಗಳು
ಸರಿತಾ

ತಾ.ಕ.: ಸುಮನಾ, ಇಲ್ಲಿಗೆ ನಿಲ್ಲಿಸು. ಮುಂದಿನದನ್ನು ನೀನೊಬ್ಬಳೇ ಓದಿಕೋ.

ಪಗಾರ ನಿಂತು ಮೂರು ತಿಂಗಳಾಯಿತು. ಆಷಾಢದಲ್ಲಿ ಕಚೇರಿಯಿಂದ ಒಬ್ಬರು ವಿಚಾರಣೆಗೆ ಬಂದಿದ್ದರಂತೆ. ನಾನು ಹೊಲದಲ್ಲಿದ್ದೆ. "ನಿಮ್ಮ ಸೊಸೀನ ಈಗ ಯಾರು ನೋಡಕೋತಾರ?" ಎಂದು ಕೇಳಿದರಂತೆ. ಅತ್ತೆ ನಮ್ಮ ತಾಂಡೆಯ ಮರ್ಯಾದೆ ಬಿಡಬಾರದೆಂದು ಎದೆ ಉಬ್ಬಿಸಿ, "ನಮ್ಮಲ್ಲಿ ಹೆಣ್ಣಮಕ್ಕಳು ಬೀದಿಗೆ ಬೀಳೂದಿಲ್ಲರೀ. ಅಣ್ಣ ಹೋದಮ್ಯಾಲೆ ಆಕಿ ತಮ್ಮಗ ಸೇರಿದಾಕಿ," ಎಂದಳಂತೆ. ಬಂದವರು ಮರುಮದುವೆ ಎಂದು ತಿಳಿದುಕೊಂಡು ಹೋದರು. ತಾನು ಏನು ಹೇಳಿದೆ ಎಂದು ಅತ್ತೆಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದರೆ ಪಗಾರ ನಿಂತದ್ದು ಗೊತ್ತಾಗುತ್ತದೆ, ಗೊತ್ತಾದರೆ ಓಢಣಿ ಹೊದಿಸಲು ದೀಪಾವಳಿಯವರೆಗೂ ಕಾಯುವುದಿಲ್ಲ.

ನಾಗಲಿಂಗಪ್ಪನವರು ಈಗಲೂ ನಮ್ಮ ಬಾಗಿಲಿಗೆ ಬಂದು ಸೈಕಲ್ ಗಂಟೆ ಹೊಡೆಯುತ್ತಾರೆ. ಬರುವ ಮೊದಲೇ ಕೆರೆಯ ದಾರಿಯಲ್ಲಿ ನಿಂತು ನನ್ನ ಕೂಲಿಯ ದುಡ್ಡು ಅವರ ಕೈಯಲ್ಲಿ ಇಡುತ್ತೇನೆ. ಅವರು ಅದನ್ನೇ ಅತ್ತೆಯ ಎದುರು ನನಗೆ ಕೊಡುತ್ತಾರೆ. ಮೊದಲ ಸಲ, "ತಂಗೀ, ಇದು ನನಗ ಚಲೋ ಅನಸೂದಿಲ್ಲ," ಎಂದರು. ಎರಡನೆಯ ಸಲ ಎಣಿಸಿ ಚೀಲಕ್ಕೆ ಹಾಕಿಕೊಂಡರು. ಹೋದ ತಿಂಗಳು ನನಗೆ ಜ್ವರ, ಕೂಲಿ ಕಡಿಮೆ ಬಿತ್ತು. ಉಳಿದದ್ದನ್ನು ಕುಬೇರ ಹಾಕಿದ. ಅವನಿಗೆ ಎಲ್ಲ ಗೊತ್ತಿದೆ.

ಸೋಮವಾರ ಅವನೇ ತನ್ನ ಕೆಲಸ ಬಿಟ್ಟು ನನ್ನನ್ನೂ ಮಗಳನ್ನೂ ಕಚೇರಿಗೆ ಕರೆದೊಯ್ದ, ಹೊಸದಾಗಿ ಅರ್ಜಿ ಕೊಡಲು. ಮೇಜಿನ ಆಚೆಯವರು ಅದೇ ಪ್ರಶ್ನೆ ಕೇಳಿದರು, ಯಾರು ನೋಡಿಕೊಳ್ಳುತ್ತಾರೆ ಎಂದು. ನಾನೇ ದುಡಿದು ತಿನ್ನುತ್ತೇನೆ ಎಂದೆ.

"ಹಂಗಂದ್ರ ಬರೂದಿಲ್ಲವಾ. ಯಾರೂ ಇಲ್ಲ ಅನ್ನಬೇಕು. ಯಾರರ ಅದಾರೇನು?"

ಕಿಟಕಿಯ ಹೊರಗೆ ಕುಬೇರ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬನ್ನು ಚಹಾದಲ್ಲಿ ಅದ್ದಿ, ಊದಿ ಊದಿ ತಿನ್ನಿಸುತ್ತಿದ್ದ. ನನ್ನ ಧ್ವನಿ ಅವನ ತನಕ ಮುಟ್ಟುವಷ್ಟೇ ದೂರ.

"ಯಾರೂ ಇಲ್ಲರೀ," ಎಂದೆ.

ಅವನು ತಲೆ ಎತ್ತಲಿಲ್ಲ. ಮಗಳ ಬಾಯಿ ಒರೆಸಿ, ಇನ್ನೊಂದು ತುಂಡು ಅದ್ದಿದ.