ರಾಜನ ಕೋಟು

ಅಕ್ಕಾ,

ಶನಿವಾರದ ನಾಟಕಕ್ಕೆ ಈವರೆಗೂ ನಾನೇ ರಾಜ. ನಿನ್ನೆ ಸಂಜೆ ಅಳತೆ ನೋಡಿ ಹಾಗೆ ಹೇಳಿದವರು ಇಲ್ಲಿನ ರಂಗಮಂದಿರದ ದರ್ಜಿಯಮ್ಮ. ವೈರಿಂಗ್ ಮಾಡಲು ಬಂದ ನನ್ನನ್ನು ಹೋದ ವಾರ ಏಣಿಯಿಂದ ಇಳಿಸಿ ಕೋಟು ತೊಡಿಸಿದ್ದರು. ಈ ನಾಟಕದವರು ಹೊಸ ಉಡುಪು ಹೊಲಿಸುವುದಿಲ್ಲ. ಹಳೆಯದು ಯಾರ ಮೈಗೆ ಹೊಂದುತ್ತದೋ ಪಾತ್ರ ಅವರದು. ನೀನು ಕಡ್ಡಿ ಪೈಲ್ವಾನ್ ಎಂದು ಆಡಿಕೊಳ್ಳುವ ಮೈಗೆ ಗುಂಡಿಗಳನ್ನೆಲ್ಲ ಸಲೀಸಾಗಿ ಹಾಕಲು ಬಂತು.

ಹೋದ ವರ್ಷದ ರಾಜ ಬೇಕರಿ ಯಜಮಾನರು. ಅವರಿಗೆ ಹೊಟ್ಟೆ ಬಂದಿದೆ. ಈಗ ದಿನಾ ಬೆಳಿಗ್ಗೆ ನನ್ನ ಕೋಣೆಗೆ ಬನ್ನು ತರುತ್ತಾರೆ. “ತಿನ್ನಿ ರಾಜರೇ, ಬಿಸಿ ಇದೆ. ತೀರಾ ಸೊರಗಿಬಿಟ್ಟಿದ್ದೀರಿ,” ಎನ್ನುತ್ತಾರೆ. ತಾವು ಮಾತ್ರ ಬರೀ ನೀರು ಕುಡಿದು ಹೊಟ್ಟೆ ಕರಗಿಸುತ್ತಿದ್ದಾರೆ.

“ಬನ್ನು ಮುಟ್ಟೀಯ ಮತ್ತೆ! ಆ ಕೋಟಲ್ಲಿ ಬಿಚ್ಚಿ ಸಡಿಲ ಮಾಡೋಕೆ ಒಂದಿಂಚು ಬಟ್ಟೆ ಇಲ್ಲ,” ಎಂದು ದರ್ಜಿಯಮ್ಮ ಗದರಿಸಿದ್ದಾರೆ.

ಆರೋಗ್ಯ ಚೆನ್ನಾಗಿದೆ, ಹಸಿವು ವಿಪರೀತ. ಬನ್ನುಗಳನ್ನೆಲ್ಲ ಪೋಸ್ಟ್‌ಮ್ಯಾನ್‌ಗೆ ದಾಟಿಸುತ್ತಿದ್ದೇನೆ; ಅವನು ಸೇನಾಪತಿ, ಅವನ ಅಂಗಿ ಇನ್ನೂ ಜೋಲಾಡುತ್ತಿದೆ. ಈ ಕಾರ್ಡಿಗಾಗಿ ಬಾಗಿಲಲ್ಲೇ ಬನ್ನು ಅಗಿಯುತ್ತಾ ನಿಂತಿದ್ದಾನೆ, ಮುಗಿಸುತ್ತೇನೆ.

ನಿನ್ನ ತಮ್ಮ

ಕೊನೆಯ ಅಳತೆ ಶುಕ್ರವಾರ ಸಂಜೆ ಆರಕ್ಕೆ. ಬೇಕರಿ ಯಜಮಾನರೂ ಬರುತ್ತಾರೆ.